ಕೈ ನಡುಗುತ್ತೆ ಅಂತ ಮಾತ್ರೆ ಬಿಡಬೇಡ

ಪ್ರೀತಿಯ ಪುಟ್ಟುವಿಗೆ,

ಮಾವನ ಆಶೀರ್ವಾದಗಳು. ಅಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಬ್ಯಾಂಕಿನಲ್ಲಿ ಸಹಿ ಹೊಂದದೆ ಮತ್ತೆ ಮತ್ತೆ ಮಾಡಿಸಿದರಂತೆ. ಕಾಫಿ ಲೋಟವನ್ನು ಈಗ ಎರಡೂ ಕೈಯಲ್ಲಿ ಹಿಡಿಯುತ್ತೀಯಂತೆ. ನನಗೆ ಗಾಬರಿಯಾಗಿದ್ದು ಇದಕ್ಕಲ್ಲ. ‘ಫಿಟ್ಸ್ ನಿಂತು ವರ್ಷ ಆಯ್ತಲ್ಲ, ಇನ್ನು ಮಾತ್ರೆ ಸಾಕು’ ಅಂದೆಯಂತೆ, ಅದಕ್ಕೆ. ಸುಮ್ನೆ ಅಂದದ್ದಾದರೆ ಸರಿ. ನಿಜವಾಗಿಯೂ ಬಿಟ್ಟಿದ್ದರೆ ಈ ಕಾಗದ ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ಫೋನ್ ಮಾಡು. ಈ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ನಿಲ್ಲದೇ ಹೋಗಬಹುದು. ಜೀವಕ್ಕೇ ಅಪಾಯ.

ನೀನು ತಗೊಳ್ಳುವ ವಾಲ್‌ಪ್ರೊಯೇಟ್‌ಗೆ ಕೈ ನಡುಗಿಸುವ ಗುಣ ಇದೆ. ಡೋಸ್ ಏರಿದಷ್ಟೂ ನಡುಕ ಬರುವ ಸಾಧ್ಯತೆ ಜಾಸ್ತಿ. ಕೈ ತೊಡೆಯ ಮೇಲಿದ್ದಾಗ ತೆಪ್ಪಗಿರುತ್ತದೆ. ಲೋಟ ಎತ್ತಿದರೆ, ಪೆನ್ನು ಹಿಡಿದರೆ ಶುರು. ಪಾರ್ಕಿನ್ಸನ್ ಅನ್ನೋ ನರರೋಗದಲ್ಲಿ ಸಾಮಾನ್ಯವಾಗಿ ಉಲ್ಟಾ, ಕೈ ಸುಮ್ಮನಿದ್ದಾಗಲೇ ನಡುಗುತ್ತದೆ. ಅಪರೂಪಕ್ಕೆ ಇದೇ ಮಾತ್ರೆಯಿಂದ ಪಾರ್ಕಿನ್ಸನ್ ಥರದ ನಿಧಾನ, ಮೈಬಿಗಿತವೂ ಬರುವುದುಂಟು, ಅದೂ ವರ್ಷಗಟ್ಟಲೆ ನುಂಗಿದ ಮೇಲೆ. ಮಾತ್ರೆ ಬದಲಿಸಿದರೆ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ನಿನ್ನದು ಯಾವುದು ಅಂತ ಹೇಳಬೇಕಾದವರು ಡಾಕ್ಟರು, ಔಷಧಿ ಅಂಗಡಿಯ ನಾನಲ್ಲ.

ಆದರೂ ಅಂಗಡಿಯಲ್ಲಿ ಕಂಡದ್ದೊಂದು ಹೇಳಲೇಬೇಕು. ನಮ್ಮ ಗಿರಾಕಿಯೊಬ್ಬ ಫಿಟ್ಸಿಗೆ ಫೆನಿಟೋಯಿನ್ ನುಂಗುತ್ತಿದ್ದ. ಟಿಬಿ ಅಂತ ಐಸೋನಿಯಜಿಡ್ ಶುರುವಾಯಿತು. ಸ್ವಲ್ಪ ದಿನಕ್ಕೆ ಕಟ್ಟೆ ಹತ್ತುವಾಗ ತೂರಾಡತೊಡಗಿದ, ಮಾತು ತೊದಲಿತು, ಕಣ್ಣುಗುಡ್ಡೆ ಪಕ್ಕಕ್ಕೆ ಪಟಪಟ ಎಳೆಯುತ್ತಿತ್ತು. ಊರವರು ‘ಬೆಳಿಗ್ಗೆಯೇ ಹಾಕಿದ್ದಾನೆ’ ಅಂದರು. ಪಾಪ, ಕುಡಿತದ ವಾಸನೆಯೂ ಕಂಡವನಲ್ಲ. ಫೆನಿಟೋಯಿನ್ ಕರಗಿಸುವ ಲಿವರಿನ ಕೆಲಸಕ್ಕೆ ಟಿಬಿ ಮಾತ್ರೆ ಅಡ್ಡ ಬರುತ್ತದೆ. ಅದರ ಮೇಲೆ ಫೆನಿಟೋಯಿನ್ನಿನ ಸ್ವಭಾವವೇ ವಿಚಿತ್ರ. ಲಿವರ್ ತನ್ನ ಮಿತಿ ಮುಟ್ಟಿತು ಅಂದರೆ, ಡೋಸ್ ಚೂರು ಏರಿಸಿದರೂ ರಕ್ತದಲ್ಲಿ ಅದು ಒಮ್ಮೆಲೇ ಜಿಗಿಯುತ್ತದೆ. ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಸಾಮಾನ್ಯ ಮಟ್ಟ. ಅವನದ್ದು ಅದನ್ನು ಎಷ್ಟೋ ದಾಟಿತ್ತು. ಡಾಕ್ಟರು ಡೋಸ್ ಇಳಿಸಿದರು, ತೂರಾಟ ನಿಂತಿತು. ‘ಕುಡುಕ’ ಅನ್ನೋ ಹೆಸರು ಹೋಗಲು ಮಾತ್ರ ಬಹಳ ದಿನ ಬೇಕಾಯಿತು, ಹಳ್ಳಿ ಅಲ್ವಾ!

ಹಾಗಾಗಿ ಬೇರೆ ಏನೇ ಔಷಧಿ ತಗೊಳ್ಳುತ್ತಿದ್ದರೂ ಮುಚ್ಚಿಡಬೇಡ. ನಿನಗೆ ಚಿಕ್ಕಂದಿನ ಉಬ್ಬಸ ಇದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಲು ಮರೆಯಲೇಬೇಡ. ಇಂಥ ನಡುಕಕ್ಕೆ ಪ್ರೊಪ್ರಾನೊಲಾಲ್ ಕೊಡುವುದುಂಟು, ಉಬ್ಬಸದವರಿಗೆ ಅದು ಆಗಿಬರುವುದಿಲ್ಲ. ನೀನು ಎಳೆಯುವ ಸಾಲ್‌ಬುಟಮಾಲ್ ಪಂಪ್ ಕೂಡ ನಡುಕ ಹೆಚ್ಚಿಸಬಲ್ಲದು. ಪರೀಕ್ಷೆ ಅಂತ ಕುಡಿಯುವ ಕಾಫಿಯೂ ಅಷ್ಟೇ.

ಡಾಕ್ಟರ ಹತ್ತಿರ ದಾರಿ ಇಲ್ಲದೇ ಇಲ್ಲ. ಡೋಸ್ ಇಳಿಸಬಹುದು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಕೊಡಬಹುದು, ಇದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಬಹುದು. ಹೋಗುವ ಮೊದಲು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಚಕ್ಕುಲಿಯಂತೆ ಸುರುಳಿ ಬರೆದು ತಾರೀಖು ಹಾಕು. ಲೋಟ ಎತ್ತುವಾಗ ಗೆಳೆಯನ ಕೈಲಿ ಒಂದು ವಿಡಿಯೋ ಮಾಡಿಸು. ಡಾಕ್ಟರ ಎದುರು ಕೂತಾಗಲೇ ಕೈ ನೆಟ್ಟಗಿದ್ದುಬಿಟ್ಟರೆ?

ಒಬ್ಬನೇ ಹೋಗಲು ಬೇಜಾರಾದರೆ ಹೇಳು. ತಿಪಟೂರಿನಿಂದ ಬೆಳಗಿನ ರೈಲಿಗೆ ಬರುತ್ತೇನೆ.

ಇಂತಿ,
ನಿನ್ನ ಮಾವ