ಕಬಿನಿಯಲ್ಲಿರುವ ಅಳಿಯನಿಗೆ

ದೇವರಾಯನದುರ್ಗ, ತುಮಕೂರು

ಚಿ. ಮಂಜುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಸಫಾರಿ ಜೀಪಿನ ಕೆಲಸ ಸಿಕ್ಕಿತು, ಇನ್ನು ದಿನಾ ಚಿರತೆ ನೋಡ್ತೀನಿ ಅಂತ ಫೋನಿನಲ್ಲಿ ಕುಣಿದಾಡಿದೆಯಲ್ಲ, ಅದಕ್ಕೇ ಈ ಕಾಗದ.

ನಮ್ಮ ದುರ್ಗದ ಬಂಡೆಗಳಲ್ಲಿ ಚಿರತೆಯೇ ಯಜಮಾನ. ನಾಯಿಯೋ ಮೇಕೆಯೋ ಸಿಕ್ಕರೂ ಅದರ ಸಂಸಾರ ಸಾಗುತ್ತದೆ. ನೀನಿರುವ ಕಾಡಿನಲ್ಲಿ ಹುಲಿ, ಸೀಳುನಾಯಿ ಎರಡೂ ಅದರ ತಲೆಮೇಲೆ ಕೂತಿವೆ. ಹೊಡೆದ ಜಿಂಕೆಯನ್ನು ಕಚ್ಚಿಕೊಂಡು ಮತ್ತಿಮರ ಏರುವುದು ಅದಕ್ಕೆ ಶೋಕಿಯೇನಲ್ಲ ಕಣೋ, ಕೆಳಗಿಟ್ಟರೆ ಕಿತ್ತುಕೊಳ್ಳುವವರಿದ್ದಾರೆ. ತನ್ನಷ್ಟೇ ತೂಕವನ್ನು ಬಾಯಲ್ಲೇ ಎತ್ತಿ ನೆಟ್ಟಗಿನ ಕಾಂಡ ಹತ್ತುವ ಆ ಕತ್ತಿನ ಬಲ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಲವಿದ್ದೂ ದೊಡ್ಡವರ ದಾರಿಗೆ ಅಡ್ಡ ಬಾರದೆ ಬದುಕುವ ಆ ಜಾಣತನ ಹುಲಿಗೆಲ್ಲಿಂದ ಬರಬೇಕು!

ಬೆಳಗಿನ ಸಫಾರಿಗೆ ಹೊರಟಾಗ ಮೊದಲು ದಾರಿಯ ದೂಳು ನೋಡು. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ನಾಯಿಜಾತಿ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಕಾಡಿನಲ್ಲಿ ನಮಗೆ ಕಣ್ಣಿಗಿಂತ ಕಿವಿ ದೊಡ್ಡದು. ಜಿಂಕೆ ಒಂದು ಸಲ ಕೂಗಿ ಸುಮ್ಮನಾದರೆ ಅದನ್ನೇ ನಂಬಿ ಅತ್ತ ಗಾಡಿ ಓಡಿಸಬೇಡ. ಮರದ ತುದಿಯ ಮುಸಿಯ (ಕರಿಮುಖದ ಕೋತಿ) ಒಂದೇ ಕಡೆ ನೋಡುತ್ತ ಕೆಮ್ಮುತ್ತಲೇ ಇದ್ದರೆ ನಂಬು. ಗರಗಸದಲ್ಲಿ ಮರ ಕೊಯ್ದಂಥ ಸದ್ದು ಕೇಳಿದರೆ ಅದು ಚಿರತೆಯದೇ ದನಿ. ಬಾಲದ ತುದಿ ಮೇಲಕ್ಕೆ ಸುತ್ತಿ, ಅಡಿಯ ಬಿಳುಪು ತೋರಿಸುತ್ತ ಹೊರಟಿದ್ದರೆ ಬೇಟೆಯ ಗುಂಗಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತಿದ್ದರೆ ಇಂಜಿನ್ ಆಫ್ ಮಾಡಿ ಉಸಿರು ಬಿಗಿಹಿಡಿ. ನಿನ್ನ ಅವಸರಕ್ಕೆ ಅದರ ಊಟ ತಪ್ಪಬಾರದು.

ಬರುವವರೆಲ್ಲ ಕರಿಚಿರತೆಯನ್ನೇ ಕೇಳುತ್ತಾರೆ. ಅದೂ ಇದೇ ಜಾತಿ, ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗೂ ಚುಕ್ಕೆ ಕಾಣುತ್ತವೆ ಅಂತ ಹೇಳು. ತೋರಿಸಿಯೇ ತೋರಿಸುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಡಬೇಡ, ಟಿಪ್ಸ್ ಎಷ್ಟೇ ಕೊಡಲಿ.

ಮರಿಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ತಾಯಿ ಅವನ್ನು ಪೊದೆಯಲ್ಲೋ ಬಂಡೆಯ ಸಂದಿಯಲ್ಲೋ ಬಚ್ಚಿಟ್ಟು ಆಗಾಗ ಜಾಗ ಬದಲಿಸುತ್ತಿರುತ್ತದೆ. ಮುಂದೆ ನಾಲ್ಕು ಜೀಪು ಸಾಲುಗಟ್ಟಿದರೆ, ಹಗಲಲ್ಲೇ ಮರಿ ಕಚ್ಚಿಕೊಂಡು ಹುಲಿಯ ದಾರಿಯಲ್ಲಿ ಹೋಗಬೇಕಾದೀತು. ಜಾಗ ಕಂಡರೆ ವಾಟ್ಸಾಪ್‌ಗೆ ಹಾಕದೆ ಇಲಾಖೆಯವರಿಗೆ ತಿಳಿಸಿ ಮುಂದೆ ಸಾಗು. ಅತಿಥಿಗಳು ಗೊಣಗಿದರೆ ಗೊಣಗಲಿ.

ನಿನ್ನಮ್ಮನಿಗೆ ನಿನ್ನ ಊಟದ್ದೇ ಚಿಂತೆ. ನರಸಿಂಹಸ್ವಾಮಿ ತೇರಿಗೆ ಈಗಲೇ ರಜೆ ಕೇಳಿಟ್ಟುಕೋ. ಸಿಗದಿದ್ದರೆ ಅವಳಿಗೆ ನೀನೇ ಫೋನು ಮಾಡಿ ಹೇಳು, ನನ್ನ ಮೇಲೆ ಹಾಕಬೇಡ.

ಇಂತಿ,
ನಿನ್ನ ಮಾವ