ಕಮಿಷನ್ ಅಂಗಡಿಯ ಲೆಕ್ಕಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ ಬೇಕರಿ, ತರಕಾರಿ ಅಂಗಡಿಗಳ ಕಷ್ಟ ಎಲ್ಲರಿಗೂ ಗೊತ್ತಾಯ್ತು. ಬೇರೆಯವರ ಮಾಲು ಇಟ್ಟುಕೊಂಡು ಕಮಿಷನ್ ಮೇಲೆ ಮಾರುವವರ ಪಾಡು ಅಷ್ಟಾಗಿ ಹೊರಗೆ ಬರಲಿಲ್ಲ. ನಾನು ಇಂಥ ಸೀರೆ ಅಂಗಡಿಗಳ ಲೆಕ್ಕ ಬರೆಯುವವನು.

ನೇಕಾರರು ಇಳಕಲ್ ಸೀರೆ ತಂದು ಅಂಗಡಿಯಲ್ಲಿ ಇಡುತ್ತಾರೆ. 4,000 ರೂಪಾಯಿಗೆ ಹೋದರೆ ಶೇ 20ರಂತೆ 800 ಅಂಗಡಿಗೆ, 3,200 ನೇಕಾರರಿಗೆ. ಆದರೆ ಗಿರಾಕಿ ಸ್ಕ್ಯಾನ್ ಮಾಡಿದರೆ ಪೂರಾ 4,000 ಬೀಳೋದು ಅಂಗಡಿಯವರ ಖಾತೆಗೇ. ನೇಕಾರರಿಗೆ ಕೊಡೋದು ನಗದು, ಅದಕ್ಕೊಂದು ಸಹಿಯೂ ಇರಲ್ಲ. ನಾಳೆ ಅಧಿಕಾರಿ ಕೇಳಿದರೆ ಆ 3,200 ನಮ್ಮದಲ್ಲ ಅಂತ ಏನನ್ನು ತೋರಿಸೋದು?

'ನಮ್ಮ ಆದಾಯ ಬರೀ ಕಮಿಷನ್, ಜಿಎಸ್‌ಟಿ ನಮಗ್ಯಾಕೆ' ಅನ್ನುವವರೇ ಜಾಸ್ತಿ. ಇಲ್ಲೇ ಪೆಟ್ಟು ಬೀಳೋದು. ವರ್ಷದ ವಹಿವಾಟು 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಅನ್ನೋ ಮಿತಿ ಇರೋದು ಬರೀ ಸರಕು ಮಾರುವವರಿಗೆ. ಕಮಿಷನ್ ಅಂದರೆ ಸೇವೆ, ಅದು ಸೇರಿತು ಅಂದರೆ ಮಿತಿ 20 ಲಕ್ಷ, ಮತ್ತೆ ಆ ಲೆಕ್ಕಕ್ಕೆ ಬೇರೆಯವರ ಪರವಾಗಿ ಮಾರಿದ ಮಾಲಿನ ಬೆಲೆಯೂ ಸೇರುತ್ತೆ ಅಂತ ಕಾಯ್ದೆಯಲ್ಲೇ ಇದೆ. 21 ಲಕ್ಷದ ಸೀರೆ ಮಾರಿ 4.20 ಲಕ್ಷ ಕಮಿಷನ್ ಬಂದವರೂ ಮಿತಿ ದಾಟಿದಂತೆಯೇ. ಮಾಲು ಕೊಟ್ಟವರಿಗೆ ಜಿಎಸ್‌ಟಿ ನೋಂದಣಿ ಇದ್ದರಂತೂ ಮಿತಿಯ ಮಾತೇ ಇಲ್ಲ, ಅಂಗಡಿಯವರೂ ಮಾಡಿಸಲೇಬೇಕು. ಆದಾಯ ತೆರಿಗೆಯಲ್ಲೂ ಅಷ್ಟೇ, ವ್ಯವಹಾರದ ಶೇ 6 ಅಥವಾ 8 ಲಾಭ ಅಂತ ತೋರಿಸುವ ಸುಲಭ ದಾರಿ ಕಮಿಷನ್ ಆದಾಯಕ್ಕೆ ಇಲ್ಲ.

ಬಿಲ್ ಅಂಗಡಿಯ ಹೆಸರಲ್ಲಿ ಹರಿದರೆ ಜಿಎಸ್‌ಟಿ ರಿಟರ್ನ್‌ನಲ್ಲಿ ಮಾರಾಟ 4,000, ಆದಾಯ ಮಾತ್ರ 800. ಇವೆರಡೂ ತಾಳೆ ಆಗಬೇಕಾದರೆ ಪುಸ್ತಕದಲ್ಲಿ ಒಬ್ಬೊಬ್ಬ ನೇಕಾರರಿಗೂ ಒಂದು ಪುಟ ಬೇಕು. ತಂದದ್ದು, ಮಾರಿದ್ದು, ವಾಪಸ್ ಹೋದದ್ದು, ಕೊಟ್ಟ ದುಡ್ಡು. ಮಾರದೆ ಉಳಿದ ಸೀರೆ ನೇಕಾರರ ಸ್ಟಾಕು, ಅದನ್ನು ಅಂಗಡಿಯ ಕ್ಲೋಸಿಂಗ್ ಸ್ಟಾಕ್‌ಗೆ (ವರ್ಷದ ಕೊನೆಗೆ ಉಳಿದ ಸ್ವಂತ ಮಾಲಿನ ಲೆಕ್ಕಕ್ಕೆ) ಸೇರಿಸಬಾರದು. ಅವರ ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ಸುಮ್ನೆ 'ಯುಪಿಐ ಇಲ್ಲ' ಅಂತ ಬೋರ್ಡ್ ಹಾಕಿದರೆ ಇರೋ ದಾಖಲೆಯೂ ಹೋಗುತ್ತೆ.

ಇಷ್ಟನ್ನು ಕನ್ನಡದಲ್ಲಿ, ಒಂದು ಸೀರೆಯ ಉದಾಹರಣೆ ಹಾಕಿ ಒಂದೇ ಹಾಳೆಯಲ್ಲಿ ಅಚ್ಚು ಮಾಡಿ ಅಂಗಡಿಗಳಿಗೆ ಹಂಚಲು ಇಲಾಖೆಗೆ ಏನು ಕಷ್ಟ? ನೋಟಿಸ್‌ಗಿಂತ ಮೊದಲು ಆ ಹಾಳೆ ಬರಲಿ.

– ಲೆಕ್ಕ ಬರೆಯುವ ಓದುಗ, ಹುಬ್ಬಳ್ಳಿ