ಹೊಟ್ಟೆಯುರಿಯನ್ನು ಕಥೆಗೆ ಹಾಕಬೇಡ

ಪ್ರೀತಿಯ ತಮ್ಮಾ,

ನಿನ್ನ ಕಥೆಗಳ ಕಟ್ಟು ಬಂತು. ಯಾವ ಪ್ರಕಾಶಕರು, ಮುನ್ನುಡಿ ಯಾರದ್ದು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ತಟ್ಟಿದ್ದು ಪತ್ರದ ಕೊನೆಯ ಸಾಲು. ಜೊತೆಗೆ ಬರೆಯಲು ಶುರು ಮಾಡಿದ ಗೆಳೆಯನಿಗೆ ಬಹುಮಾನ ಬಂತು, ನನ್ನನ್ನು ಯಾರೂ ಓದುತ್ತಿಲ್ಲ ಅಂದಿದ್ದೀಯ.

ಫ್ರಾನ್ಸಿನ ಚಿತ್ರಕಾರರಾದ ಮೊನೆ, ರೆನ್ವಾರ್ ಹೆಸರು ಕೇಳಿದ್ದೀಯ ಅಲ್ವಾ? ಪ್ಯಾರಿಸ್ಸಿನಲ್ಲಿ ಅವರ ಜೊತೆಗೇ ಕಲಿತವನು ಆಲ್‌ಫ್ರೆಡ್ ಸಿಸ್ಲೆ. ಆ ಕ್ಷಣದ ಬೆಳಕನ್ನು ಕಂಡ ಹಾಗೇ ಹಿಡಿಯಲು ಹೊರಟ ಇಂಪ್ರೆಷನಿಸ್ಟ್ ಚಿತ್ರಕಾರರ 1874ರ ಮೊದಲ ಪ್ರದರ್ಶನದಲ್ಲೂ ಇದ್ದ. ಅಪ್ಪನ ರೇಷ್ಮೆ ವ್ಯಾಪಾರ 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದ ಹೊತ್ತಿಗೆ ಮುಳುಗಿತು. ಆಮೇಲೆ ಸಾಯುವವರೆಗೂ ಕೈ ಬಿಗಿ. ಗೆಳೆಯರಿಗೆ ಹೆಸರೂ ಬಂತು, ದುಡ್ಡೂ ಬಂತು. ಇವನಿಗೆ 1897ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರದರ್ಶನ ಆದರೂ ಕೊಳ್ಳುವವರು ಸಿಗಲಿಲ್ಲ.

ಅವನಿಗೆ ಕಹಿ ಇರಲಿಲ್ಲವಾ? ಇತ್ತು. ಕೊನೆಕೊನೆಗೆ ಹಳೆಯ ಗೆಳೆಯರಿಂದಲೂ ದೂರ ಸರಿದ. ಆದರೆ ಚಿತ್ರಗಳನ್ನು ನೋಡು. 1876ರಲ್ಲಿ ಸೇನ್ ನದಿ ಉಕ್ಕಿ ಪೋರ್-ಮಾರ್ಲಿ ಎಂಬ ಊರಿಗೆ ನುಗ್ಗಿತು. ಆ ನೆರೆಯನ್ನು ಮತ್ತೆ ಮತ್ತೆ ಬರೆದ. ಒಂದರಲ್ಲಿ ವೈನ್ ವ್ಯಾಪಾರಿಯ ಮನೆ ನೀರಿನಲ್ಲಿ ನಿಂತಿದೆ, ಪಕ್ಕದಲ್ಲಿ ದೋಣಿ. ಗೋಳಿಲ್ಲ, ಚೀರಾಟವಿಲ್ಲ. ಮೇಲೆಲ್ಲ ಮೋಡ, ಅದೇ ಬೆಳಕು ನೀರಲ್ಲೂ. ಅವನು ಚಿತ್ರ ಶುರು ಮಾಡುತ್ತಿದ್ದದ್ದೇ ಆಕಾಶದಿಂದ, ತನ್ನಿಂದಲ್ಲ.

ಈಗ ನಿನ್ನ ನಾಲ್ಕನೆಯ ಕಥೆ. ಬಹುಮಾನ ಸಿಗದ ಕವಿಯೊಬ್ಬ ಪುಟಗಟ್ಟಲೆ ಗೊಣಗುತ್ತಾನೆ. ಅವನು ಕವಿಯಲ್ಲ ಮಾರಾಯ, ನೀನೇ. ಓದುವವರು ಯಾಕೆ ಕೇಳಬೇಕು? ಸಂತೆಯಲ್ಲಿ ತಕ್ಕಡಿ ಹಿಡಿದ ಹೆಂಗಸಿನ ಕಥೆಯಲ್ಲಿ ನೀನು ಎಲ್ಲೂ ಇಲ್ಲ. ಅದನ್ನು ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದೆ.

ನನಗೂ ಸಿಟ್ಟಿದೆ. ಸಂಪಾದಕರೊಬ್ಬರು ನನ್ನ ಕಥೆಯನ್ನು ವರ್ಷಗಟ್ಟಲೆ ಇಟ್ಟುಕೊಂಡು, ಕೇಳಿದಾಗ 'ಯಾವ ಕಥೆ?' ಅಂದರು. ಇವತ್ತಿಗೂ ಮೈ ಉರಿಯುತ್ತದೆ. ಮನೆಯಲ್ಲಿ ಊಟಕ್ಕೆ ಕೂತಾಗ ಜೋರಾಗಿಯೇ ಬೈಯುತ್ತೇನೆ. ಆದರೆ ನನ್ನ ಯಾವ ಕಥೆಯಲ್ಲೂ ಅವರಿಗೆ ಕುರ್ಚಿ ಹಾಕಿಲ್ಲ.

ಸತ್ತ ಮೇಲಾದರೂ ಹೆಸರು ಬರುತ್ತೆ ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡ. ಸಿಸ್ಲೆ 1899ರ ಜನವರಿಯಲ್ಲಿ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡ. ಮರುವರ್ಷ ಒಂದು ನೆರೆಯ ಚಿತ್ರ ಹರಾಜಿನಲ್ಲಿ 43,000 ಫ್ರಾಂಕಿಗೆ ಹೋಯಿತು. ಅವನಿಗೇನು ಬಂತು?

ನಾಲ್ಕನೆಯದನ್ನು ತೆಗೆ. ಸಂತೆಯ ಕಥೆಯನ್ನು ಮೊದಲಿಗೆ ಹಾಕಿ ಮತ್ತೆ ಕಳಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ. ಅಂದಹಾಗೆ, ಗೆಳೆಯನಿಗೆ ಫೋನ್ ಮಾಡಿ ಖುಷಿಯಾಯಿತು ಅಂತ ಹೇಳಿದೆಯಾ? ಇಲ್ಲವಾದರೆ ಮೊದಲು ಆ ಕೆಲಸ ಮಾಡು.

ಪ್ರೀತಿಯಿಂದ,
ನಿನ್ನ ಅಣ್ಣ